ಚಿಕ್ಕಮಗಳೂರಿನ ಗಿರಿದಾರಿಯಲ್ಲಿ ರೋಡ್ ಸೈಕಲ್: ಏರಿಗೊಂದು ಲೆಕ್ಕ, ಇಳಿತಕ್ಕೊಂದು ಲೆಕ್ಕ

ಚಿಕ್ಕಮಗಳೂರಿನಿಂದ ಬೇಲೂರಿಗೆ ಸುಮಾರು 25 ಕಿ.ಮೀ. ಮುಳ್ಳಯ್ಯನಗಿರಿಗೆ ಸುಮಾರು 20. ದೂರ ಮಾತ್ರ ನೋಡಿದರೆ ಎರಡನೆಯದೇ ಸುಲಭ ಅನ್ನಿಸುತ್ತದೆ. ಬೇಲೂರಿಗೆ ಒಂದೂಕಾಲು ಗಂಟೆ ಸಾಕು; ಗಿರಿಗೆ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಈ ಸೀಮೆಯಲ್ಲಿ ಸೈಕಲ್ ದಾರಿ ಆರಿಸುವಾಗ ಮೊದಲು ನೋಡಬೇಕಾದ್ದು ಎಷ್ಟು ಮೀಟರ್ ಏರು ಇದೆ ಅನ್ನೋದನ್ನು. ಕಿಲೋಮೀಟರ್ ಆಮೇಲೆ.

ಸಮಯ ಅಂದಾಜು ಮಾಡಲು ಸರಳವಾದ ಲೆಕ್ಕ ಒಂದಿದೆ. ಸಮತಟ್ಟಿನಲ್ಲಿ ನಿಮ್ಮ ಸರಾಸರಿ ವೇಗ ಎಷ್ಟೋ ಅದರಲ್ಲಿ ಪೂರ್ತಿ ದೂರಕ್ಕೆ ಬೇಕಾದ ಹೊತ್ತು ತೆಗೆಯಿರಿ. ಆಮೇಲೆ ಪ್ರತಿ 100 ಮೀಟರ್ ಏರಿಗೆ 6 ನಿಮಿಷ ಸೇರಿಸಿ. ಗಂಟೆಗೆ 22 ಕಿ.ಮೀ. ಹೋಗುವವರಿಗೆ 20 ಕಿ.ಮೀ. ದಾರಿ 55 ನಿಮಿಷ. 900 ಮೀಟರ್ ಏರಿಗೆ ಇನ್ನೊಂದು 54 ನಿಮಿಷ. ಅಲ್ಲಿಗೆ ಒಂದು ಗಂಟೆ ಐವತ್ತು ನಿಮಿಷ. ಮುಳ್ಳಯ್ಯನಗಿರಿಗೆ ಇದು ಹೆಚ್ಚುಕಡಿಮೆ ಸರಿಹೊಂದುತ್ತದೆ. ಹೊಸಬರು 6ರ ಬದಲು 8 ನಿಮಿಷ ಇಟ್ಟುಕೊಳ್ಳಲಿ. ಇನ್ನೊಂದು ಅಳತೆ: ಒಟ್ಟು ಏರನ್ನು ಒಟ್ಟು ಕಿಲೋಮೀಟರ್‌ನಿಂದ ಭಾಗಿಸಿ. ಕಿಲೋಮೀಟರಿಗೆ 10 ಮೀಟರ್ ಒಳಗಿದ್ದರೆ ಆರಾಮ, 15ರ ಸುಮಾರು ಬಂದರೆ ಕಾಲಿಗೆ ಕೆಲಸ, 20 ದಾಟಿದರೆ ಅದು ಬೆಟ್ಟದ ಸವಾರಿ.

ಎರಡನೆಯದು ದಿಕ್ಕು. ಊರಿನ ಉತ್ತರಕ್ಕೆ ಚಂದ್ರದ್ರೋಣ ಬೆಟ್ಟಸಾಲು, ಪಶ್ಚಿಮಕ್ಕೆ ಆಲ್ದೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳು, ಅದರಾಚೆ ಘಟ್ಟ. ಪೂರ್ವಕ್ಕೆ ಕಡೂರು, ಬೆಳವಾಡಿ, ಜಾವಗಲ್ ಕಡೆ ಹೋದಂತೆ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುತ್ತದೆ. ಜುಲೈನಲ್ಲಿ ಪಶ್ಚಿಮದ ಕೊಟ್ಟಿಗೆಹಾರದಲ್ಲಿ ಜಡಿಮಳೆ ಹಿಡಿದಿರುವ ದಿನವೇ ಪೂರ್ವದ ಸಖರಾಯಪಟ್ಟಣದ ರಸ್ತೆ ಒಣಗಿರುವುದುಂಟು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ವಕ್ಕೆ ಹೋಗಿ. ಪಶ್ಚಿಮದ ದಾರಿಗಳನ್ನು ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗಿನ ತಿಂಗಳುಗಳಿಗೆ ಇಟ್ಟುಕೊಳ್ಳಿ. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ ಚೆನ್ನಾಗಿರುತ್ತದೆ, ಆದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು. ಹನ್ನೆರಡರೊಳಗೆ ಬೆಟ್ಟ ಇಳಿದಿರಬೇಕು.

ಗೇರು ಮೊದಲು, ಉಳಿದದ್ದು ಆಮೇಲೆ

ಬೆಂಗಳೂರಿನ ಮೇಲ್ಸೇತುವೆಗಳಿಗೆ ಸಾಕಾದ ಗೇರು ಇಲ್ಲಿ ಸಾಲುವುದಿಲ್ಲ. ಮುಂದೆ ಪೆಡಲ್ ಬಳಿಯ ಸಣ್ಣ ಹಲ್ಲುಚಕ್ರ (ಚೈನ್‌ರಿಂಗ್) 34 ಹಲ್ಲು, ಹಿಂದಿನ ದೊಡ್ಡ ಹಲ್ಲುಚಕ್ರ 28 ಹಲ್ಲು ಇದೆ ಅಂದುಕೊಳ್ಳಿ. ನಿಮಿಷಕ್ಕೆ 70 ಸಲ ಪೆಡಲ್ ತಿರುಗಿಸಿದರೆ ಸೈಕಲ್ ಗಂಟೆಗೆ 10.7 ಕಿ.ಮೀ. ಹೋಗುತ್ತದೆ. ಸವಾರ 70 ಕೆ.ಜಿ., ಸೈಕಲ್ಲು ನೀರು ಸೇರಿ 10 ಕೆ.ಜಿ. ಇದ್ದರೆ, ಶೇ. 10ರ ಏರಿನಲ್ಲಿ ಆ ವೇಗ ಕಾಯ್ದುಕೊಳ್ಳಲು ಸುಮಾರು 245 ವಾಟ್ ಶಕ್ತಿ ಬೇಕು. ಅಷ್ಟನ್ನು ಒಂದು ಗಂಟೆ ತಳ್ಳುವವರು ಕಡಿಮೆ. ಹಿಂದೆ 34 ಹಲ್ಲಿನ ಚಕ್ರ ಹಾಕಿದರೆ ಅದೇ 70ರ ಲಯದಲ್ಲಿ ವೇಗ 8.8ಕ್ಕೆ ಇಳಿಯುತ್ತದೆ, ಶಕ್ತಿ 200 ವಾಟ್ ಆಸುಪಾಸಿಗೆ ಬರುತ್ತದೆ. ಈ 45 ವಾಟ್‌ನ ವ್ಯತ್ಯಾಸದಲ್ಲೇ ಕೂತು ಹತ್ತುವುದೋ ಇಳಿದು ತಳ್ಳುವುದೋ ತೀರ್ಮಾನವಾಗುತ್ತದೆ. ಶಕ್ತಿ ಸಾಲದೆ ಲಯ 50ಕ್ಕೆ ಬಿದ್ದರೆ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಮರುದಿನದ ಮಂಡಿನೋವಿಗೆ ಸಾಮಾನ್ಯವಾಗಿ ಇದೇ ಮೂಲ.

11ರಿಂದ 34 ಹಲ್ಲಿನವರೆಗಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸುವಾಗ ಎರಡು ವಿಷಯ ಅಂಗಡಿಯವರ ಜೊತೆ ಮಾತಾಡಿ. ಹಿಂದಿನ ಡಿರೈಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ, ಅಷ್ಟು ದೊಡ್ಡ ಚಕ್ರವನ್ನು ತೆಗೆದುಕೊಳ್ಳುತ್ತದೆಯೇ? ಚಿಕ್ಕ ಕೇಜ್ (ಚೈನನ್ನು ಬಿಗಿಯಾಗಿ ಹಿಡಿಯುವ ಕೆಳತೋಳು) ಇರುವವು ಹೆಚ್ಚಾಗಿ 28 ಅಥವಾ 30ಕ್ಕೆ ನಿಲ್ಲುತ್ತವೆ. ಚೈನ್ ಉದ್ದ ಸಾಕೇ? ಹಳೆಯ ಚೈನನ್ನೇ ಉಳಿಸಿಕೊಂಡು ಮುಂದೆ 50, ಹಿಂದೆ 34ಕ್ಕೆ ಅಪ್ಪಿತಪ್ಪಿ ಗೇರು ಹಾಕಿದರೆ ಡಿರೈಲರ್ ಕಿತ್ತು ಬರಬಹುದು. ಹೊರಡುವ ಮುನ್ನ ಸೈಕಲ್ಲನ್ನು ಎತ್ತಿ ಹಿಡಿದು ಒಮ್ಮೆ ಅತಿ ಹಗುರ ಗೇರಿಗೆ ಹಾಕಿ, ಡಿರೈಲರನ್ನು ಕೈಯಿಂದ ಕಡ್ಡಿಗಳ ಕಡೆಗೆ ತಳ್ಳಿ ನೋಡಿ. ಚೈನು ದೊಡ್ಡ ಚಕ್ರ ದಾಟಿ ಒಳಗೆ ಬೀಳುವಂತಿದ್ದರೆ ಲಿಮಿಟ್ ಸ್ಕ್ರೂ (ಡಿರೈಲರ್ ಅತಿಯಾಗಿ ಸರಿಯದಂತೆ ತಡೆಯುವ ತಿರುಪು) ಕಾಲು ಸುತ್ತು ಬಿಗಿ ಮಾಡಿ ಮತ್ತೆ ನೋಡಿ. ಸೈಕಲ್ ಬಸ್ಸಿನಲ್ಲೋ ರೈಲಿನಲ್ಲೋ ಬಂದಿದ್ದರೆ ಇದನ್ನು ಬಿಡಲೇಬಾರದು, ಯಾಕೆಂದರೆ ಸಾಗಿಸುವಾಗ ಡಿರೈಲರ್ ಹ್ಯಾಂಗರ್ (ಅದನ್ನು ಫ್ರೇಮಿಗೆ ಹಿಡಿದಿಡುವ ಕೊಂಡಿ) ಒಳಕ್ಕೆ ಬಾಗಿರಬಹುದು, ಅದು ತಿಳಿಯುವುದು ಕಡಿದಾದ ಏರಿನಲ್ಲಿ ಕೊನೆಯ ಗೇರು ಹಾಕಿದಾಗಲೇ.

ಟೈರು 28 ಮಿ.ಮೀ.ಗಿಂತ ಸಣ್ಣದು ಬೇಡ. ಫ್ರೇಮಿನಲ್ಲಿ ಜಾಗ ಇದ್ದರೆ 32 ಹಾಕಿ. 70 ಕೆ.ಜಿ. ಸವಾರರಿಗೆ 28ರಲ್ಲಿ ಮುಂದೆ 70, ಹಿಂದೆ 75 ಪಿಎಸ್ಐ. 32ರಲ್ಲಿ 55 ಮತ್ತು 60. ರಸ್ತೆ ಒದ್ದೆಯಾಗಿದ್ದರೆ 5 ಇಳಿಸಿ. ಗಟ್ಟಿಯಾಗಿ ಗಾಳಿ ತುಂಬಿದ ಟೈರು ತೋಟದ ರಸ್ತೆಯ ಒರಟು ಡಾಂಬರಿನ ಮೇಲೆ ಪುಟಿಯುತ್ತದೆ, ಇಳಿತದಲ್ಲಿ ಹಿಡಿತ ಬಿಡುತ್ತದೆ. ಎರಡು ಟ್ಯೂಬ್, ಪ್ಯಾಚ್, ಪಂಪು, ತುಂಡಾದ ಚೈನ್ ಜೋಡಿಸುವ ಕ್ವಿಕ್‌ಲಿಂಕ್ ಒಂದು, ಮಲ್ಟಿಟೂಲ್ ಸದಾ ಜೊತೆಗಿರಲಿ. ಮಳೆಗಾಲದಲ್ಲಿ ಒಂದು ಜೊತೆ ಬ್ರೇಕ್ ಪ್ಯಾಡ್ ಕೂಡ.

ದಾರಿಗಳು, ಹತ್ತಬೇಕಾದ ಕ್ರಮದಲ್ಲಿ

ಮೊದಲ ದಾರಿ ಚಿಕ್ಕಮಗಳೂರು, ಬೇಲೂರು, ಹಳೇಬೀಡು, ಬೆಳವಾಡಿ ಸುತ್ತು. ಬೇಲೂರಿಗೆ 25, ಅಲ್ಲಿಂದ ಹಳೇಬೀಡಿಗೆ 16, ಬೆಳವಾಡಿಗೆ ಸುಮಾರು 12, ಮತ್ತೆ ಊರಿಗೆ 29; ಒಟ್ಟು 80 ಕಿ.ಮೀ. ಚಿಲ್ಲರೆ. ಏರುಗಳಿವೆ, ಯಾವುದೂ ಉದ್ದವಲ್ಲ. ಈ ಸುತ್ತಿನ ಗುಟ್ಟು ಗಾಳಿಯಲ್ಲಿದೆ. ಬೆಳವಾಡಿ ಚಿಕ್ಕಮಗಳೂರಿನ ಪೂರ್ವಕ್ಕೆ ಇರುವುದರಿಂದ ಮಳೆಗಾಲದ ಪಡುವಣ ಗಾಳಿಯಲ್ಲಿ ಬೆಳವಾಡಿಯಿಂದ ಹಿಂತಿರುಗಿದರೆ ಕೊನೆಯ 29 ಕಿ.ಮೀ. ಪೂರ್ತಿ ಎದುರುಗಾಳಿ. ಆ ತಿಂಗಳುಗಳಲ್ಲಿ ಬೆಳವಾಡಿ ಕಡೆಗೆ ಮೊದಲು ಹೊರಡಿ: ಗಾಳಿ ಬೆನ್ನಿಗಿರುತ್ತದೆ, ಎದುರುಗಾಳಿ ಹಳೇಬೀಡು-ಬೇಲೂರು ನಡುವಿನ 16 ಕಿ.ಮೀ.ಗಷ್ಟೇ ಸಿಗುತ್ತದೆ. ಡಿಸೆಂಬರ್, ಜನವರಿಯ ಮೂಡಣ ಗಾಳಿಗೆ ಇದನ್ನೇ ತಿರುಗಿಸಿ, ಬೇಲೂರಿಗೆ ಮೊದಲು. ಬೇಲೂರು, ಹಳೇಬೀಡು ಎರಡೂ ಸೋಮನಾಥಪುರದ ಜೊತೆ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ವಾರಾಂತ್ಯದಲ್ಲಿ ದೇವಸ್ಥಾನದ ಬೀದಿಗಳಲ್ಲಿ ಬಸ್ಸು, ಕಾರುಗಳ ಸಂದಣಿ ಇದ್ದದ್ದೇ. ಬೆಳವಾಡಿಯ ವೀರನಾರಾಯಣ ದೇವಸ್ಥಾನದಲ್ಲಿ ಅಷ್ಟು ಜನ ಇರುವುದಿಲ್ಲ. ಕುಳಿತು ಸುಧಾರಿಸಿಕೊಳ್ಳಲು ಅದೇ ಸರಿಯಾದ ಜಾಗ, ಮೂರು ಗರ್ಭಗುಡಿಗಳ ಆ ಗುಡಿ ಹತ್ತು ನಿಮಿಷದ ನೋಟಕ್ಕಿಂತ ಹೆಚ್ಚಿನದನ್ನು ಬೇಡುತ್ತದೆ ಕೂಡ.

ಹಾಸನದಲ್ಲಿರುವವರಿಗೆ ಇದರ ಜೋಡಿ ಹಾಸನ, ಬೇಲೂರು, ಹಳೇಬೀಡು, ಹಾಸನ ಸುತ್ತು, ಸುಮಾರು 85 ಕಿ.ಮೀ. ಬೇಲೂರು ರಸ್ತೆಯಿಂದ ತುಸು ಒಳಗೆ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಸಿಗುತ್ತದೆ. ಇನ್ನೂ ಚಿಕ್ಕದು ಬೇಕಿದ್ದರೆ ಹಾಸನದಿಂದ ಗೊರೂರಿನ ಹೇಮಾವತಿ ಅಣೆಕಟ್ಟೆಗೆ ಹೋಗಿ ಬರುವುದು.

ಎರಡನೆಯದು ಸಖರಾಯಪಟ್ಟಣ ಮತ್ತು ಅಯ್ಯನಕೆರೆ ದಾರಿ, ಹೋಗಿಬರಲು 50 ಕಿ.ಮೀ. ಆಸುಪಾಸು. ಇಲ್ಲಿ ತೊಂದರೆ ಜಾಲಿಮುಳ್ಳಿನದು. ರಸ್ತೆಯಂಚಿಗೆ ಸರಿದಷ್ಟೂ ಪಂಚರ್ ಹೆಚ್ಚು. ಪಂಚರ್ ಆದಾಗ ಹೊಸ ಟ್ಯೂಬ್ ಹಾಕುವ ಮುನ್ನ ಟೈರಿನ ಒಳಮೈಯನ್ನು ಬೆರಳಿನಿಂದ ಎರಡು ಸುತ್ತು ಸವರಿ ನೋಡಿ. ಮುರಿದ ಮುಳ್ಳಿನ ತುದಿ ಒಳಗೇ ಉಳಿದಿದ್ದರೆ ಎರಡನೇ ಟ್ಯೂಬೂ ನೂರು ಮೀಟರಿನಲ್ಲಿ ಹೋಗುತ್ತದೆ.

ಮೂರನೆಯದು ಆಲ್ದೂರು. ವಸ್ತಾರೆ ಮೇಲಿಂದ ಸುಮಾರು 20 ಕಿ.ಮೀ., ಮುಂದೆ ಬಾಳೆಹೊನ್ನೂರಿಗೆ ಇಳಿದರೆ ಒಂದು ಕಡೆಗೆ 50ರ ಹತ್ತಿರ. ತೋಟಗಳ ನಡುವೆ ಸತತವಾಗಿ ಏರು, ಇಳಿ, ತಿರುವು. ಒಂದೊಂದು ಏರೂ ಸಣ್ಣದು, ಆದರೆ ನಿಲ್ಲುವುದೇ ಇಲ್ಲ. ಇಲ್ಲಿ ಮೂವತ್ತನೇ ಏರಿಗೂ ಮೊದಲ ಏರಿನಷ್ಟೇ ಶಕ್ತಿ ಖರ್ಚು ಮಾಡುವ ಶಿಸ್ತು ಕಲಿಯಬಹುದು. ಬಾಳೆಹೊನ್ನೂರು ಭದ್ರಾ ದಂಡೆಯಲ್ಲಿದೆ, ಹೋಗುವಾಗ ಒಟ್ಟಾರೆ ಇಳಿತ, ಬರುವಾಗ ಒಟ್ಟಾರೆ ಏರು. ಅರ್ಧಕ್ಕಿಂತ ಹೆಚ್ಚು ದಮ್ಮು ಉಳಿದಿದ್ದರೆ ಮಾತ್ರ ಆಲ್ದೂರಿನಿಂದ ಮುಂದೆ ಹೋಗಿ.

ಕಾಫಿಯ ಕ್ಯಾಲೆಂಡರ್ ಇಲ್ಲಿ ರಸ್ತೆಯ ಕ್ಯಾಲೆಂಡರ್ ಕೂಡ. ನವೆಂಬರ್‌ನಿಂದ ಫೆಬ್ರವರಿವರೆಗೆ ಕುಯ್ಲು: ಬೆಳಿಗ್ಗೆ ಎಂಟರ ಸುಮಾರಿಗೆ ಆಳುಗಳನ್ನು ಕರೆದೊಯ್ಯುವ ಜೀಪು, ಪಿಕಪ್‌ಗಳು ಅವಸರದಲ್ಲಿರುತ್ತವೆ, ಸಂಜೆ ಹಣ್ಣು ತುಂಬಿದ ಟ್ರ್ಯಾಕ್ಟರುಗಳು ತೋಟದ ಗೇಟಿನಿಂದ ನೇರ ರಸ್ತೆಗೆ ಬರುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಕುತ್ತಾರೆ. ಅದರ ನೀರು ರಸ್ತೆಗೂ ಹಾರುತ್ತದೆ. ಒಣ ರಸ್ತೆಯ ತಿರುವಿನಲ್ಲಿ ಒಂದೇ ಒಂದು ಒದ್ದೆ ತುಣುಕು, ಅದರ ಮೇಲೆ ಸಿಲ್ವರ್ ಓಕ್ ಎಲೆ. ಜಾರಿಬೀಳಲು ಅಷ್ಟೇ ಸಾಕು. ಮರದ ನೆರಳು ದಟ್ಟವಾಗಿರುವ ಕಡೆ ಮಳೆ ನಿಂತ ವಾರಗಳ ಮೇಲೂ ಡಾಂಬರಿನಂಚಿನಲ್ಲಿ ಪಾಚಿ ಇರುತ್ತದೆ. ಚಕ್ರ ಓಡಿ ಸವೆದ ಗೆರೆಯ ಮೇಲೇ ಹೋಗಿ.

ಇವು ಮುಗಿದ ಮೇಲೆ ಮುಳ್ಳಯ್ಯನಗಿರಿ. ಊರು ಸಮುದ್ರಮಟ್ಟದಿಂದ 1,050 ಮೀಟರ್ ಆಸುಪಾಸು, ಶಿಖರ ಸುಮಾರು 1,930, ಕರ್ನಾಟಕದಲ್ಲೇ ಎತ್ತರದ್ದು. ಕೈಮರದ ಚೆಕ್‌ಪೋಸ್ಟ್‌ವರೆಗಿನ ಏಳೆಂಟು ಕಿ.ಮೀ. ಮೈ ಬೆಚ್ಚಗಾಗಲು, ನಿಜವಾದ ಏರು ಅಲ್ಲಿಂದ ಶುರು, ಸುಮಾರು 12 ಕಿ.ಮೀ., ಸರಾಸರಿ ಶೇ. 6. ಸರಾಸರಿಯನ್ನು ನಂಬಬೇಡಿ. ನಡುವೆ ಉಸಿರು ಬಿಡುವಷ್ಟು ಸಡಿಲ ಜಾಗಗಳಿವೆ, ಅಂದಮೇಲೆ ಕಡಿದು ಇನ್ನೆಲ್ಲೋ ಅಡಗಿದೆ ಎಂದೇ ಅರ್ಥ. ಕವಲಿನಲ್ಲಿ ಒಂದು ರಸ್ತೆ ಸೀತಾಳಯ್ಯನಗಿರಿ ಮೂಲಕ ಮುಳ್ಳಯ್ಯನಗಿರಿಗೆ, ಇನ್ನೊಂದು ಅತ್ತಿಗುಂಡಿ ಕಡೆಯಿಂದ ಬಾಬಾಬುಡನ್‌ಗಿರಿಗೆ. ಸೀತಾಳಯ್ಯನಗಿರಿಯಿಂದಾಚೆಗಿನ ಕೊನೆಯ ತುಣುಕು ಕಿರಿದು, ಒಂದು ಕಡೆ ಪ್ರಪಾತ, ಕಾರುಗಳು ಎದುರುಬದುರಾದರೆ ನಿಂತುಬಿಡುತ್ತವೆ. ರಸ್ತೆ ಮೆಟ್ಟಿಲ ಬುಡಕ್ಕೇ ಮುಗಿಯುತ್ತದೆ. ಗುಡಿಗೆ ಹೋಗಬೇಕಿದ್ದರೆ ನಡೆಯುವ ಪಾದರಕ್ಷೆ ಬೇಕು, ಕ್ಲೀಟ್ (ಪೆಡಲಿಗೆ ಸಿಕ್ಕಿಸುವ ತುಂಡು) ಇರುವ ಶೂ ಹಾಕಿಕೊಂಡು ಕಲ್ಲಿನ ಮೆಟ್ಟಿಲು ಹತ್ತಬೇಡಿ.

ಶನಿವಾರ, ಭಾನುವಾರ ಹೋಗುವುದನ್ನು ಬಿಡಿ. ವಾರದ ದಿನ ಬೆಳಿಗ್ಗೆ ಹೋದರೆ ದಾರಿ ನಿಮ್ಮದು. ವಾರಾಂತ್ಯದಲ್ಲಿ ಹೋದರೆ ಹೊಗೆ, ಹಾರ್ನ್, ತಿರುವಿನಲ್ಲಿ ಹಿಂದಕ್ಕೆ ಜಾರುವ ಕಾರುಗಳು. ಗಿರಿಗೆ ಹೋಗುವ ವಾಹನಗಳ ಸಂಖ್ಯೆ, ಸಮಯದ ಬಗ್ಗೆ ಜಿಲ್ಲಾಡಳಿತದ ನಿಯಮಗಳು ಬದಲಾಗುತ್ತಿರುತ್ತವೆ, ಹಿಂದಿನ ದಿನವೇ ವಿಚಾರಿಸಿ. ಮತ್ತೊಂದು ಮಾತು: ನಕಾಶೆಯ ಆ್ಯಪ್‌ಗಳು ಬಾಬಾಬುಡನ್‌ಗಿರಿಯಿಂದ ಕೆಮ್ಮಣ್ಣುಗುಂಡಿಗೆ ಗೆರೆ ಎಳೆದು ತೋರಿಸುತ್ತವೆ. ಅದು ಜೀಪಿನ ದಾರಿ. ರೋಡ್ ಸೈಕಲ್ ತೆಗೆದುಕೊಂಡು ಹೋಗುವಂಥದ್ದಲ್ಲ. ಕೈಮರ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಕಾಶೆಯನ್ನು ಮೊದಲೇ ಆಫ್‌ಲೈನ್‌ಗೆ ಇಳಿಸಿಕೊಳ್ಳಿ.

ಘಾಟಿಗಳಲ್ಲಿ ಆಯ್ಕೆ ಬೇಕು. ರಾಷ್ಟ್ರೀಯ ಹೆದ್ದಾರಿ 75ರ ಶಿರಾಡಿ ಘಾಟಿ ಬೇಡವೇ ಬೇಡ: ಬೆಂಗಳೂರು-ಮಂಗಳೂರು ಲಾರಿ, ಟ್ಯಾಂಕರ್‌ಗಳೆಲ್ಲ ಅದರಲ್ಲೇ. ಚಾರ್ಮಾಡಿ ಚೆಲುವಿನ ದಾರಿ, ಆದರೆ 2019ರ ಆಗಸ್ಟ್‌ನ ಮಳೆಯಲ್ಲಿ ಸಾಲುಸಾಲಾಗಿ ಗುಡ್ಡ ಕುಸಿದ ರಸ್ತೆ ಅದು. ಮಳೆಗಾಲದಲ್ಲಿ ಅಲ್ಲಿಗೆ ಹೋಗಬೇಡಿ. ಉಳಿದ ದಿನಗಳಲ್ಲೂ ಕೊಟ್ಟಿಗೆಹಾರದಿಂದ ಪೂರ್ತಿ ಇಳಿಯುವ ಆಸೆ ಬಿಡಿ. ಇಳಿದಷ್ಟನ್ನೂ ದಣಿದ ಕಾಲಿನಲ್ಲಿ, ಕರಾವಳಿಯ ಸೆಕೆಯಲ್ಲಿ ಮತ್ತೆ ಹತ್ತಬೇಕು. ಆರೇಳು ಕಿ.ಮೀ. ಇಳಿದು ತಿರುಗಿ, ಅಥವಾ ಕೆಳಗೆ ಉಜಿರೆಯಲ್ಲಿ ತಂಗಿ ಬೆಳಗಿನ ತಂಪಿನಲ್ಲಿ ಮೇಲೆ ಬನ್ನಿ. ಸಕಲೇಶಪುರದಿಂದ ಹೆತ್ತೂರು, ವನಗೂರು ಮೂಲಕ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯ ಸೇರುವ ದಾರಿ ವಾಹನ ಕಡಿಮೆ, ಕಾಡು ಹೆಚ್ಚು. ಒಬ್ಬರೇ ಹೋಗುವ ದಾರಿ ಅಲ್ಲ.

ಹತ್ತುವಾಗ

ಕೈಮರದಲ್ಲಿ ಉತ್ಸಾಹ ತೋರಿಸಬೇಡಿ. ಮೊದಲ ಹತ್ತು ನಿಮಿಷ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಉಳಿಯಬೇಕು. ಲಯ 70ರಿಂದ 80.

ನಾವು ಎಡಗಡೆ ಚಲಿಸುವವರು, ಅದರಿಂದ ಹೇರ್‌ಪಿನ್ ತಿರುವುಗಳು ಎರಡು ಜಾತಿ ಆಗುತ್ತವೆ. ಹತ್ತುವಾಗ ಬಲಕ್ಕೆ ತಿರುಗುವಲ್ಲಿ ನೀವು ಹೊರವಲಯದಲ್ಲಿರುತ್ತೀರಿ, ಏರು ಸಡಿಲ, ಅಲ್ಲಿ ಉಸಿರು ತೆಗೆದುಕೊಳ್ಳಬಹುದು. ಎಡಕ್ಕೆ ತಿರುಗುವಲ್ಲಿ ಒಳಮೂಲೆ ನಿಮ್ಮದು, ತಿರುವಿನ ಅತಿ ಕಡಿದಾದ ಜಾಗ ಅದೇ. ಎಡ ತಿರುವಿಗೆ ಹದಿನೈದು ಇಪ್ಪತ್ತು ಮೀಟರ್ ಮುಂಚೆಯೇ ಹಗುರ ಗೇರು ಹಾಕಿ. ತಿರುವಿನೊಳಗೆ, ಪೆಡಲ್ ಮೇಲೆ ಪೂರ್ತಿ ಭಾರ ಬಿದ್ದಾಗ ಗೇರು ಬದಲಿಸಿದರೆ ಚೈನು ಕಟಕಟ ಎಂದು ಹಾರುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಬಸ್ಸು ಇಳಿಯುವ ಸದ್ದು ಕೇಳಿದರೆ ತಿರುವಿಗೆ ಮುಂಚೆಯೇ ನಿಂತುಬಿಡಿ. ಅದಕ್ಕೆ ತಿರುಗಲು ರಸ್ತೆಯ ಅಗಲವೆಲ್ಲ ಬೇಕು.

ನೀರು ಗಂಟೆಗೆ 500ರಿಂದ 750 ಮಿ.ಲೀ. ತಂಪಿನಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಬೆವರು ಮಾತ್ರ ಇಳಿಯುತ್ತಿರುತ್ತದೆ. ಒಂದು ಬಾಟಲಿಗೆ ಓಆರ್‌ಎಸ್ ಬೆರೆಸಿ. ತಿನ್ನುವುದು ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್: ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ, ಉಳಿದದ್ದಕ್ಕೆ ಬೆಲ್ಲದ ಕಡಲೆಮಿಠಾಯಿ ಒಳ್ಳೆಯ ಜೊತೆ. ಹಸಿವಾಗುವ ಮೊದಲೇ, ಅರ್ಧ ಗಂಟೆಗೊಮ್ಮೆ. ಬೆಳಗಿನ ತಿಂಡಿಗೆ ಕಡುಬು, ಅಕ್ಕಿರೊಟ್ಟಿ ಸೊಗಸು. ತುಪ್ಪ ಸುರಿದದ್ದನ್ನು ಹಿಂತಿರುಗಿದ ಮೇಲೆ ತಿನ್ನಿ.

ಇಳಿಯುವಾಗ

ದೊಡ್ಡ ಪೆಟ್ಟುಗಳು ಆಗುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. ಮೇಲೆ ಬಂದ ಕೂಡಲೇ ಇಳಿಯಬೇಡಿ. ಬೆವರಿದ ಮೈಗೆ ಗಿರಿಗಾಳಿ ತಾಗಿದರೆ ಐದು ನಿಮಿಷದಲ್ಲಿ ಬೆರಳು ಮರಗಟ್ಟುತ್ತದೆ, ಬ್ರೇಕ್ ಲಿವರ್ ಎಷ್ಟು ಒತ್ತಿದಿರೆಂದು ಗೊತ್ತಾಗುವುದಿಲ್ಲ. ಗಾಳಿ ತಡೆಯುವ ತೆಳು ಜಾಕೆಟ್ ಹಾಕಿ, ಬ್ರೇಕ್ ಎರಡನ್ನೂ ಎಳೆದು ನೋಡಿ, ಆಮೇಲೆ ಹೊರಡಿ.

ಬ್ರೇಕನ್ನು ಸದಾ ಎಳೆದುಕೊಂಡೇ ಬರುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ರಿಮ್ ಬ್ರೇಕ್ ಆದರೆ ರಿಮ್ ಕಾಯ್ದು ಟ್ಯೂಬ್ ಒಡೆಯಬಹುದು. ಡಿಸ್ಕ್ ಆದರೆ ಪ್ಯಾಡ್ ಮೇಲ್ಮೈ ಗಾಜಿನಂತೆ ನುಣುಪಾಗಿ ಹಿಡಿತ ಹೋಗುತ್ತದೆ, ಕಿರ್ ಎಂದು ಕೂಗತೊಡಗುತ್ತದೆ. ನೇರ ರಸ್ತೆಯಲ್ಲಿ ಬಿಡಿ, ತಿರುವಿಗೆ ಮುಂಚೆ ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬಿಟ್ಟು ಸೈಕಲ್ ತಿರುಗಲಿ. ಕೈ ಡ್ರಾಪ್ಸ್‌ನಲ್ಲಿ (ಹ್ಯಾಂಡಲಿನ ಕೆಳಬಾಗಿದ ಭಾಗ), ಹೊರಗಿನ ಕಾಲು ಕೆಳಗೆ, ದೇಹದ ಭಾರ ಆ ಕಾಲಿನ ಮೇಲೆ. ಕಣ್ಣು ತಿರುವು ಮುಗಿಯುವ ಕಡೆಗೆ. ಗುಂಡಿ ನೋಡುತ್ತಾ ಕೂತರೆ ಗುಂಡಿಗೇ ಹೋಗುತ್ತೀರಿ. ಇಳಿಯುವಾಗ ಎಡ ತಿರುವಿನ ಒಳಮೂಲೆಯಲ್ಲಿ ಮಳೆ ಕೊಚ್ಚಿ ತಂದ ಮರಳು, ಜಲ್ಲಿ ಕೂತಿರುತ್ತದೆ, ಅಲ್ಲಿ ಇನ್ನೂ ನಿಧಾನ. ಬಲ ತಿರುವಿನಲ್ಲಿ ನಡುಗೆರೆ ದಾಟಿ ಅಡ್ಡ ಹಾಯುವ ಚಪಲ ಬರುತ್ತದೆ. ಎದುರಿಗೆ ಬರುವ ಜೀಪಿಗೆ ನೀವು ಕಾಣುವುದಿಲ್ಲ.

ಮಂಜು ಮುಚ್ಚಿದರೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಹಗಲಲ್ಲೂ ಉರಿಯಲಿ. ಹತ್ತು ಮೀಟರ್ ಕಾಣದಿದ್ದರೆ ಇಳಿದು ರಸ್ತೆಯ ಅಂಚಿನಲ್ಲಿ ತಳ್ಳಿಕೊಂಡು ಬನ್ನಿ. ಬೆಟ್ಟದ ಬೋಳುಮೈಯಲ್ಲಿ ಅಡ್ಡಗಾಳಿ ಜೋರು. ಆಳವಾದ ರಿಮ್‌ನ ಚಕ್ರಗಳನ್ನು ಬಯಲಿಗೆ ಇಟ್ಟುಕೊಳ್ಳಿ.

ಕಾಡಾನೆ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯ ತೋಟಗಳಲ್ಲಿ ಆನೆಗಳ ಓಡಾಟ ವರ್ಷವಿಡೀ ಇದೆ, ಜೀವಗಳೂ ಹೋಗಿವೆ. ಬೆಳಕು ಪೂರ್ತಿ ಹರಿಯುವ ಮುನ್ನ, ಸಂಜೆ ಐದೂವರೆಯ ನಂತರ ತೋಟದ ರಸ್ತೆಗಳಲ್ಲಿ ಇರಬೇಡಿ. ಹಿಂದಿನ ರಾತ್ರಿ ಆನೆ ಎಲ್ಲಿತ್ತು ಅನ್ನೋದು ಟೀ ಅಂಗಡಿಯಲ್ಲಿ, ಹಾಲಿನ ಡೈರಿ ಮುಂದೆ ಕೇಳಿದರೆ ಗೊತ್ತಾಗುತ್ತದೆ; ತಿರುಗಿ ಹೋಗಿ ಎಂದರೆ ಮರುಮಾತಿಲ್ಲದೆ ತಿರುಗಿ. ಹಸಿ ಲದ್ದಿ, ಮುರಿದ ಬಾಳೆ, ಬೈನೆ ಕಂಡರೆ ಅದೂ ಅದೇ ಸೂಚನೆ. ಕಿವಿಗೆ ಇಯರ್‌ಫೋನ್ ಬೇಡ. ಆನೆ ರಸ್ತೆಯಲ್ಲಿದ್ದರೆ ದೂರದಲ್ಲೇ ನಿಂತು, ಸದ್ದಿಲ್ಲದೆ ಸೈಕಲ್ ತಿರುಗಿಸಿ, ಬಂದ ದಾರಿಯಲ್ಲೇ ಹೋಗಿ. ಫೋಟೋ ಬೇಡ.

ಮನೆಗೆ ಬಂದ ಮೇಲೆ

ಒದ್ದೆ ರಸ್ತೆಯ ಸವಾರಿಯಾಗಿದ್ದರೆ ಸ್ನಾನಕ್ಕೂ ಮುಂಚೆ ಸಾಕ್ಸ್ ಬಿಚ್ಚಿ ಇಂಬಳ ಹತ್ತಿದೆಯೇ ನೋಡಿ. ಆಮೇಲೆ ಸೈಕಲ್. ಇಲ್ಲಿನ ಕೆಂಪುಮಣ್ಣಿನ ನೀರು ಚೈನಿಗೆ ಉಪ್ಪುಕಾಗದ ತಿಕ್ಕಿದಂತೆ. ಚೈನನ್ನು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಪ್ರತಿ ಕೊಂಡಿಗೂ ಒಂದೊಂದು ಹನಿ ವೆಟ್ ಲೂಬ್ (ಒದ್ದೆ ರಸ್ತೆಗೆಂದೇ ಇರುವ ಚೈನ್ ಎಣ್ಣೆ) ಬಿಡಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ. ಡಿಸ್ಕ್ ಮೇಲೆ ಎಣ್ಣೆ ಬೀಳಬಾರದು. ಚೈನ್ ಚೆಕರ್ ಶೇ. 0.5 ಸವೆತ ತೋರಿಸಿದರೆ ಚೈನ್ ಬದಲಿಸಿ, 0.75 ದಾಟಿಸಿದರೆ ಕ್ಯಾಸೆಟ್‌ನ ಖರ್ಚೂ ಸೇರುತ್ತದೆ. ಪ್ಯಾಡ್‌ನಲ್ಲಿ ಉಜ್ಜುವ ಭಾಗ 1 ಮಿ.ಮೀ.ಗೆ ಬಂದಿದ್ದರೆ ಮುಂದಿನ ಗಿರಿ ಸವಾರಿಗೆ ಮುಂಚೆ ಹೊಸದು ಹಾಕಿ; ಮಳೆಯಲ್ಲಿ ಒಂದೇ ಉದ್ದ ಇಳಿತ ಉಳಿದ ಆ ಒಂದು ಮಿಲಿಮೀಟರನ್ನು ಪೂರ್ತಿ ತಿಂದುಹಾಕಬಲ್ಲದು.